ಹುಣಸೆ ಬೀಜದ ಹರಾಜು

ನಿನ್ನೆ ಬೆಳಿಗ್ಗೆ ಸಾರಿಗೆಂದು ಹುಣಸೆಹಣ್ಣು ಹುಡುಕುತ್ತ ಅಡುಗೆಮನೆಯ ಮೇಲಿನ ಕಪಾಟಿಗೆ ಕೈ ಹಾಕಿದೆ. ಹಣ್ಣು ಸಿಗಲಿಲ್ಲ, ಬೀಜ ಸಿಕ್ಕಿತು. ಹಳೆಯ ಬಿಸ್ಕತ್ತಿನ ಡಬ್ಬ; ಅಲ್ಲಾಡಿಸಿದರೆ ಗಲಗಲ ಎಂದಿತು. ಮುಚ್ಚಳ ತೆಗೆದರೆ ಒಳಗೆ ಒಂದು ರಾಶಿ ಹುಣಸೆ ಬೀಜ, ನಾಲ್ಕು ಜನರ ಕೈಯಲ್ಲಿ ವರ್ಷಗಟ್ಟಲೆ ಓಡಾಡಿ ಮಿರಮಿರ ಮಿಂಚುತ್ತಿದ್ದವು. ಸರಿಯಾಗಿ ಆ ಹೊತ್ತಿಗೆ ನನ್ನ ಗಂಡ ಪ್ರಸಾದ್ ಫೋನ್ ಹಿಡಿದುಕೊಂಡು ಬಂದು, "ಸಂಜೆ ಚಂದ್ರು ಬರ್ತಾನಂತೆ ಕಣೇ. ಹರಾಜು ಮಾಡೋಣ್ವಾ ಅಂತ ಮೆಸೇಜ್ ಹಾಕಿದಾನೆ," ಎಂದರು. ಡಬ್ಬವೇನೂ ನನ್ನ ಕೈಜಾರಿ ಬೀಳಲಿಲ್ಲ, ಇದು ಸಿನಿಮಾ ಅಲ್ಲವಲ್ಲ. ಆದರೆ ಮೈಯೆಲ್ಲ ಉರಿದುಹೋಯಿತು.

ಹರಾಜು ಎಂದ ಕೂಡಲೇ ಗಾಬರಿಯಾಗಬೇಡಿ, ನಮ್ಮ ಮನೆ ಮಠ ಎಲ್ಲ ಭದ್ರವಾಗಿದೆ. ನಾವಿರುವುದು ಪರದೇಶದಲ್ಲಿ, ಬುಕಿತ್ ಬಾಟೋಕ್‌ನ ಒಂದು ವಸತಿ ಬ್ಲಾಕ್‌ನಲ್ಲಿ. ಕೆಳಗೆ ಎಲ್ಲ ಬ್ಲಾಕ್‌ಗಳಿಗೂ ಇರುವಂಥದೇ ಒಂದು ವಾಯ್ಡ್ ಡೆಕ್. ಕಂಬಗಳ ನಡುವೆ ಗಾಳಿಯಾಡುವ ಖಾಲಿ ಜಾಗ, ಅಲ್ಲೆರಡು ಕಲ್ಲಿನ ಮೇಜು, ಮೇಜಿನ ಮೇಲೆ ಚದುರಂಗದ ಮನೆಗಳು. ಮಿಕ್ಕವರು ಅಲ್ಲಿ ಚದುರಂಗ ಆಡುತ್ತಾರೆ. ನಾವು ಕ್ರಿಕೆಟ್ ತಂಡ ಕಟ್ಟುತ್ತಿದ್ದೆವು.

ಯಾವ ತಂಡ ಎಂದು ಹೆಸರು ಹೇಳುವುದಿಲ್ಲ, ನಿಮಗೂ ನೋವಾಗುವುದು ಬೇಡ. ನಮ್ಮೂರಿನದೇ ತಂಡ. ಇದ್ದಬದ್ದ ದುಡ್ಡನ್ನೆಲ್ಲ ಬ್ಯಾಟ್ಸ್‌ಮನ್‌ಗಳ ಮೇಲೆ ಸುರಿದು, ಬೌಲರ್‌ಗಳ ಸರದಿ ಬಂದಾಗ ಜೇಬು ತಡಕುವ ತಂಡ. ಮದುವೆಗೆ ಭರ್ಜರಿ ಚಪ್ಪರ ಹಾಕಿಸಿ ಅಡುಗೆಯವರಿಗೆ ಹೇಳುವುದನ್ನೇ ಮರೆತ ಹಾಗೆ. ತಂಜಾಂಗ್ ಪಗಾರ್‌ನ ನನ್ನ ಆಫೀಸಿನಲ್ಲಿ ಒಬ್ಬ ಅಮೆರಿಕದವನಿದ್ದಾನೆ, ಬೇಸ್‌ಬಾಲ್ ಹುಚ್ಚಿನವನು. ಅವನದೂ ಇದೇ ಗೋಳು: ಸಂಬಳದ ಮಿತಿ ಮೀರಿಹೋಗಿದೆ, ಚೆಂಡು ಎಸೆಯುವವರೇ ಇಲ್ಲ. ಒಂದು ದಿನ ಲಿಫ್ಟಿನ ಮುಂದೆ ನಿಂತು ಇಬ್ಬರೂ ಹೊಟ್ಟೆ ತುಂಬ ಸಂಕಟ ಹೇಳಿಕೊಂಡೆವು. ಅವನ ಆಟ ನನಗೆ ಗೊತ್ತಿಲ್ಲ, ನನ್ನದು ಅವನಿಗೆ ಗೊತ್ತಿಲ್ಲ, ಆದರೂ ಒಂದು ಮಾತೂ ತಪ್ಪದೆ ಅರ್ಥವಾಯಿತು.

ನಮ್ಮ ಪದ್ಧತಿ ಹೀಗೆ. ನಿಜವಾದ ಹರಾಜಿಗೆ ಮುಂಚಿನ ಭಾನುವಾರ ಸಂಜೆ ನಾಲ್ವರೂ ಕಲ್ಲಿನ ಮೇಜಿನ ಸುತ್ತ ಕೂರುವುದು. ತಂಡದ ಪರ್ಸ್ ಎಷ್ಟು ಕೋಟಿಯೋ ಅಷ್ಟು ಹುಣಸೆ ಬೀಜ ನಡುವೆ ರಾಶಿ ಹಾಕುವುದು. ಆಟಗಾರರ ಹೆಸರು ಬರೆದ ಚೀಟಿಗಳನ್ನು ಚದುರಂಗದ ಮನೆಗಳಲ್ಲಿಟ್ಟು, ಉಳಿಸಿಕೊಳ್ಳಬೇಕಾದವನ ಮುಂದೆ ಅವನ ಬೆಲೆಯಷ್ಟು ಬೀಜ ಇಡುವುದು. ರಾಶಿ ಮುಗಿದರೆ ಮುಗಿಯಿತು, ಒಂದು ಬೀಜ ಹೆಚ್ಚಿಗೆ ಸೇರಿಸುವ ಹಾಗಿಲ್ಲ. ಇಡುವುದೋ ಬಿಡುವುದೋ ಎಂಬುದಕ್ಕೆ ವೋಟು. ಇಬ್ಬರು ಆ ಕಡೆ, ಇಬ್ಬರು ಈ ಕಡೆ ಆದರೆ ಅವತ್ತು ಕಾಫಿ ತಂದವರ ಮಾತೇ ಕೊನೆ. ಫ್ಲಾಸ್ಕಿನಲ್ಲಿ ಕಾಫಿ ತರುತ್ತಿದ್ದವರು ಯಾವಾಗಲೂ ಪ್ರಸಾದ್. ನನಗೆ ಡಿಕಾಕ್ಷನ್ ಇಳಿಯುವವರೆಗೆ ಕಾಯುವ ತಾಳ್ಮೆ ಯಾವತ್ತೂ ಇರಲಿಲ್ಲ.

ನಾವಿಬ್ಬರಲ್ಲದೆ ಇನ್ನಿಬ್ಬರು. ಒಬ್ಬರು ಮೂರ್ತಿ ಅಂಕಲ್. ಗಣಿತ ಪಾಠ ಮಾಡಿ ನಿವೃತ್ತರಾದವರು, ಪಕ್ಕದ ಬ್ಲಾಕ್. ಚೆಂಡು ತಿರುಗುವುದನ್ನು ನೋಡುವುದಕ್ಕಿಂತ ಸರಾಸರಿ ಓದುವುದರಲ್ಲೇ ಅವರಿಗೆ ಸುಖ. ಇನ್ನೊಬ್ಬ ಚಂದ್ರು, ಮೈಸೂರಿನವನು, ನಾಲಿಗೆ ಚುರುಕು. ಚಾಂಗಿ ಬಿಸಿನೆಸ್ ಪಾರ್ಕಿನ ಒಂದು ಕಂಪನಿಯಲ್ಲಿ ಮ್ಯಾನೇಜರ್. ವಯಸ್ಸಿನಲ್ಲಿ ಪ್ರಸಾದ್‌ಗಿಂತ ಚಿಕ್ಕವನು, ಆದರೆ ಆಗ ಆಫೀಸಿನಲ್ಲಿ ಪ್ರಸಾದ್ ಅವನ ಕೈಕೆಳಗೆ. ಮೇಜಿನ ಹತ್ತಿರ ಮಾತ್ರ ಎಲ್ಲರೂ ಸಮ, ಹಾಗಂತ ನಾವು ಅಂದುಕೊಂಡಿದ್ದೆವು.

ನಾನು ಹೇಳಹೊರಟಿರುವುದು ಡಬ್ಬ ಕಪಾಟು ಸೇರುವ ಮುಂಚಿನ ಕೊನೆಯ ಹರಾಜಿನ ವಿಷಯ. ಆ ವಾರ ಅವರ ಆಫೀಸಿನಲ್ಲಿ ಜನ ಕಡಿಮೆ ಮಾಡಲು ಹೊರಟಿದ್ದರು. ಯಾರನ್ನು ಇಟ್ಟುಕೊಳ್ಳುವುದು, ಯಾರನ್ನು ಕಳಿಸುವುದು ಎಂಬ ಪಟ್ಟಿ ಮಾಡುತ್ತಿದ್ದವನು ಚಂದ್ರು. ಅದು ನನಗೆ ಗೊತ್ತು, ಪ್ರಸಾದ್‌ಗೆ ಗೊತ್ತು, ನಮಗೆ ಗೊತ್ತಿದೆ ಎನ್ನುವುದು ಚಂದ್ರುವಿಗೂ ಗೊತ್ತು. ಪ್ರಸಾದ್ ಆ ಟೀಮಿನಲ್ಲೇ ಹಿರಿಯರು, ಸಂಬಳದಲ್ಲೂ ದೊಡ್ಡವರು. ಆ ವಯಸ್ಸಿನಲ್ಲಿ ಕೆಲಸ ಹೋದರೆ ಈ ಊರಿನಲ್ಲಿ ಇನ್ನೊಂದು ಸಿಗುವುದು ಎಷ್ಟು ಕಷ್ಟ ಎಂಬುದನ್ನು ನೆನೆದು ನನಗೆ ನಿದ್ದೆ ಬರುತ್ತಿರಲಿಲ್ಲ. ಪ್ರಸಾದ್ ಗೊರಕೆ ಹೊಡೆಯುತ್ತಿದ್ದರು.

ಭಾನುವಾರ ಸಂಜೆ ನಾಲ್ವರೂ ಸೇರಿದೆವು. ಆಫೀಸಿನ ಮಾತನ್ನು ಯಾರೂ ಎತ್ತಲಿಲ್ಲ. ನಾವು ಸಭ್ಯಸ್ಥರು ನೋಡಿ. ಮೊದಲ ಚೀಟಿಯೇ ತಂಡದ ಹಳೇ ವೇಗದ ಬೌಲರ್‌ನದು ಬಂತು. ವಯಸ್ಸಾಗಿತ್ತು, ಮಂಡಿ ಕೈಕೊಟ್ಟಿತ್ತು, ಬೆಲೆ ಮಾತ್ರ ಆಕಾಶದಲ್ಲಿತ್ತು. ಹಿಂದಿನ ವರ್ಷವೆಲ್ಲ ಅವನನ್ನು ಮನಸಾರೆ ಬೈದವಳು ನಾನೇ. "ಇವನ ಓವರಲ್ಲಿ ಟಿವಿ ಆಫ್ ಮಾಡ್ಬಿಡಿ, ಕರೆಂಟಾದ್ರೂ ಉಳಿಯತ್ತೆ," ಎನ್ನುತ್ತಿದ್ದೆ.

ಚಂದ್ರು ಚೀಟಿ ಎತ್ತಿ ಪಕ್ಕಕ್ಕಿಟ್ಟ. "ಇವನನ್ನ ಬಿಡಲೇಬೇಕು. ಇಷ್ಟು ದುಡ್ಡಲ್ಲಿ ಇಬ್ರು ಹುಡುಗ್ರು ಬರ್ತಾರೆ."

"ಲೆಕ್ಕ ಸರಿ ಇದೆ," ಎಂದರು ಮೂರ್ತಿ ಅಂಕಲ್. ಅವರಿಗೆ ಒಳಗಿನ ವಿಷಯ ಏನೂ ಗೊತ್ತಿಲ್ಲ, ಪಾಪ. "ಮೂವತ್ತಾರಾದ್ಮೇಲೆ ಸರಾಸರಿ ಇಳಿಯೋದೇ, ಏರಲ್ಲ. ಸೆಂಟಿಮೆಂಟ್ ಇಟ್ಕೊಂಡು ಟೀಮ್ ಕಟ್ಟಕ್ಕಾಗತ್ತೇನಮ್ಮಾ?"

ಇಬ್ಬರು ಆ ಕಡೆಯಾದರು. "ಹುಣಸೆ ಮರ ಮುಪ್ಪಾದ್ರೆ ಹುಳಿ ಮುಪ್ಪಾಗತ್ತಾ?" ಎಂದು ಜೋರಾಗಿ ಶುರು ಮಾಡಿದೆ. "ಕೊನೇ ಓವರ್ ಯಾರು ಹಾಕ್ತಾರೆ? ಹೊಸ ಹುಡುಗ್ರಿಗೆ ಹೇಳ್ಕೊಡೋರ್ಯಾರು? ಮಳೆ ಬಂದ್ರೆ, ಪಿಚ್ ಒದ್ದೆಯಾದ್ರೆ, ಯಾವ ಚೆಂಡು ಎಲ್ಲಿ ಹಾಕ್ಬೇಕು ಅಂತ ಗೊತ್ತಿರೋನು ಇವನೊಬ್ನೇ. ಈ ತಂಡಕ್ಕೆ ಇವನು ಮೈ ಸವೆಸಿದಾನೆ ಕಣ್ರೀ!" ಒಬ್ಬ ಬೌಲರ್‌ಗಾಗಿ ಹೆಂಗಸೊಬ್ಬಳು ವಾಯ್ಡ್ ಡೆಕ್ಕಿನಲ್ಲಿ ಕಣ್ಣು ಒರೆಸಿಕೊಳ್ಳುವುದನ್ನು ಪಕ್ಕದ ಮೇಜಿನ ಚೀನೀ ಅಜ್ಜಂದಿರು ಕಾಯಿ ನಡೆಸುವುದು ಬಿಟ್ಟು ನೋಡಿದರು. ಸೈಕಲ್ ಹೊಡೆಯುತ್ತಿದ್ದ ನಮ್ಮ ಮಗಳು ನಿಂತು, "ಅಮ್ಮಾ, ಬರೀ ಸೀಡ್ಸ್ ಲಾ, ವೈ ಸೋ ಸೀರಿಯಸ್?" ಎಂದು ಈ ಊರಿನ ಇಂಗ್ಲಿಷಿನಲ್ಲಿ ಕೇಳಿ ಹೊರಟುಹೋದಳು.

ಚಂದ್ರು ನನ್ನನ್ನು ನೋಡಲಿಲ್ಲ. ಬೀಜಗಳನ್ನು ಬೆರಳಲ್ಲಿ ಆಡಿಸುತ್ತ, "ಪ್ರಸಾದ್, ನೀವೇನಂತೀರಾ?" ಎಂದ.

ಇಲ್ಲೇ ನೋಡಿ ಇದ್ದದ್ದು. ಪ್ರಸಾದ್ "ಇಟ್ಕೊಳ್ಳೋಣ" ಎಂದರೆ ಇಬ್ಬರಿಗಿಬ್ಬರು. ಕಾಫಿ ತಂದವರೂ ಅವರೇ. ಒಂದೇ ಒಂದು ಮಾತು. ನಾನು ಮೇಜಿನ ಕೆಳಗೆ ಅವರ ಕಾಲನ್ನು ತುಳಿದೆ. ಅವರು ಕಾಲು ಎಳೆದುಕೊಂಡು, ಕನ್ನಡಕ ಒರೆಸಿ, ಚೀಟಿಯನ್ನು ಬಹಳ ಹೊತ್ತು ನೋಡಿ, "ಬಿಡೋಣ," ಎಂದರು. "ಒಳ್ಳೇ ಬೌಲರ್ರೇ. ಆದ್ರೆ ನಮಗೆ ಇಬ್ರು ಬೌಲರ್ಸ್ ಬೇಕು, ಪರ್ಸಲ್ಲಿ ಜಾಗ ಇಲ್ಲ. ಟೀಮ್‌ಗೆ ಅದೇ ಒಳ್ಳೇದು."

ಅಯ್ಯೋ ಪುಣ್ಯಾತ್ಮ! ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿ ಹಾಕಿಕೊಳ್ಳುವವರನ್ನು ಗಾದೆಯಲ್ಲಿ ಕೇಳಿದ್ದೆ. ಕಲ್ಲನ್ನು ತೂಕ ಮಾಡಿ, ಸರಿಯಾಗಿದೆಯೆಂದು ಒಪ್ಪಿ, ಆಮೇಲೆ ಹಾಕಿಕೊಂಡವರನ್ನು ಅವತ್ತೇ ನೋಡಿದ್ದು. ಮನೆಗೆ ಬಂದು ಜಗಳ ತೆಗೆದೆ. "ಒಂದು ಸುಳ್ಳು ಹೇಳಕ್ಕಾಗ್ತಿರ್ಲಿಲ್ವಾ?" ಎಂದರೆ, "ಆಫೀಸು ಬೇರೆ, ಆಟ ಬೇರೆ ಕಣೇ. ತಂಡದ ವಿಷ್ಯದಲ್ಲಿ ಹೇಗೆ ಸುಳ್ಳು ಹೇಳೋದು?" ಎಂದರು. ನಿಜವಾದ ಅಭಿಮಾನಿ ಎಂದರೆ ಇವರೇ ಇರಬೇಕು. ಇಂಥವರನ್ನು ಕಟ್ಟಿಕೊಂಡವರ ಪಾಡನ್ನು ಯಾವ ವಾಹಿನಿಯೂ ತೋರಿಸುವುದಿಲ್ಲ.

ಆ ವಾರವೇ ಚಂದ್ರು ಇವರನ್ನು ಗಾಜಿನ ಕೋಣೆಗೆ ಕರೆದ. ಸಂಜೆ ಪ್ರಸಾದ್ ಒಂದು ರಟ್ಟಿನ ಪೆಟ್ಟಿಗೆ ಹೊತ್ತುಕೊಂಡು ಎಂಆರ್‌ಟಿ ರೈಲಿನಲ್ಲಿ ಊರಿನ ಆ ತುದಿಯಿಂದ ಈ ತುದಿಗೆ ನಿಂತೇ ಬಂದರು. "ಚಂದ್ರೂಗೂ ಬೇಜಾರಾಗಿದೆ ಪಾಪ. 'ಪ್ರಸಾದ್, ಅವತ್ತು ನೀವೇ ಹೇಳಿದ್ರಲ್ಲ, ನಿಮಗೆ ಅರ್ಥ ಆಗತ್ತೆ' ಅಂದ," ಎಂದರು. ಅರ್ಥವಂತೆ ಅರ್ಥ! ನಾನು ಬೀಜಗಳನ್ನೆಲ್ಲ ಡಬ್ಬಕ್ಕೆ ತುಂಬಿ ಮೇಲಕ್ಕೆ ಎಸೆದೆ. ಕಸದಬುಟ್ಟಿಗೇ ಎಸೆಯಬೇಕಿತ್ತು, ಅದಕ್ಕೂ ಕೈ ಬರಲಿಲ್ಲ.

ನಮ್ಮ ತಂಡವೂ ನಿಜವಾಗಿ ಆ ಬೌಲರ್‌ನನ್ನು ಬಿಟ್ಟು ಇಬ್ಬರು ಹುಡುಗರನ್ನು ಕೊಂಡಿತು. ಒಬ್ಬ ಬೆರಳು ಮುರಿದುಕೊಂಡ. ಇನ್ನೊಬ್ಬ ಎಸೆದ ಚೆಂಡುಗಳನ್ನು ಬ್ಯಾಟ್ಸ್‌ಮನ್‌ಗಳಿಗಿಂತ ಪ್ರೇಕ್ಷಕರೇ ಹತ್ತಿರದಿಂದ ನೋಡಿದರು. ಆಫೀಸಿನಲ್ಲಿ ಪ್ರಸಾದ್ ಜಾಗಕ್ಕೂ ಇಬ್ಬರು ಹುಡುಗರು ಬಂದರು, ಒಳ್ಳೆಯ ಹುಡುಗರೇ. ಸಂಜೆಯಾದರೆ ಫೋನ್ ಮಾಡಿ, "ಸರ್, ಇದು ಯಾಕೆ ಹೀಗೆ ನಿಂತ್ಹೋಗತ್ತೆ?" ಎಂದು ಕೇಳುವರು. ಈ ಮಹಾನುಭಾವರು ಒಗ್ಗರಣೆ ಸೌಟು ಹಿಡಿದುಕೊಂಡೇ ವಿವರಿಸುವರು. ಊರಿಗೆ ಉಪಕಾರಿ ಎಂದು ನಾನು ಗೊಣಗಿದರೆ, "ಹುಡುಗ್ರು ಏನ್ ಮಾಡಿದಾರೆ ಪಾಪ," ಎನ್ನುವರು. ಕೊನೆಗೆ ನಮ್ಮ ಮನೆ ಹಿಂದಿನ ಕೈಗಾರಿಕಾ ಪ್ರದೇಶದ ಸಣ್ಣ ಕಂಪನಿಯೊಂದು, ಯಾರೂ ಕೂಗದೆ ಉಳಿದ ಆಟಗಾರನನ್ನು ಕೊಳ್ಳುವಂತೆ, ಇವರನ್ನು ಬೇಸ್ ಪ್ರೈಸಿಗೆ ತೆಗೆದುಕೊಂಡಿತು. ಈಗ ನಡೆದೇ ಹೋಗುತ್ತಾರೆ, ಮಧ್ಯಾಹ್ನ ಊಟಕ್ಕೆ ಮನೆಗೆ ಬರುತ್ತಾರೆ.

ಇಷ್ಟೆಲ್ಲ ಆಗಿ ಈಗ ಚಂದ್ರು ಬರುತ್ತಾನಂತೆ! ನಾನೂ ಸಿದ್ಧಳಾದೆ. ಇಷ್ಟು ವರ್ಷ ಕೂಡಿಟ್ಟ ಮಾತುಗಳಿದ್ದವು, ಒಂದೊಂದೂ ಸಾಣೆ ಹಿಡಿದದ್ದು. ಸಂಜೆ ಅಂಗಡಿಯಲ್ಲಿ ಹುಣಸೆಹಣ್ಣು ಕೊಂಡು, ಚೀಲ ಹಿಡಿದುಕೊಂಡು ನೇರವಾಗಿ ವಾಯ್ಡ್ ಡೆಕ್ಕಿಗೇ ಹೋದೆ. ಮೂರ್ತಿ ಅಂಕಲ್ ಆಗಲೇ ಚೀಟಿ ಹರಡಿದ್ದರು. ಪ್ರಸಾದ್ ಡಬ್ಬದ ಬೀಜ ರಾಶಿ ಹಾಕಿ ಫ್ಲಾಸ್ಕ್ ಬಿಚ್ಚುತ್ತಿದ್ದರು. ಚಂದ್ರು ಸೊರಗಿದ್ದ, ಕೂದಲು ನರೆತಿತ್ತು. ನಾನು ಬಾಯಿ ತೆರೆಯುವ ಮೊದಲೇ, "ನಮ್ಮಲ್ಲಿ ಮತ್ತೆ ಲಿಸ್ಟ್ ನಡೀತಿದೆ ಮೇಡಂ," ಎಂದ. "ಈ ಸಲ ಮಾಡ್ತಿರೋನು ನಾನಲ್ಲ."

ಸಾಣೆ ಹಿಡಿದ ಮಾತುಗಳು ಗಂಟಲಲ್ಲೇ ಸಿಕ್ಕಿಕೊಂಡವು. ಆದರೂ ಬಿಟ್ಟೆನೆ? ತಂಡದ ಹಿರಿಯ ಸ್ಪಿನ್ನರ್‌ನ ಚೀಟಿ ಬಂದಾಗ, ಚಂದ್ರು ಅವನ ಬೆಲೆಯಷ್ಟೂ ಬೀಜ ಎಣಿಸಿ ಚೀಟಿಯ ಮುಂದಿಟ್ಟ. "ಇದು ಲೆಕ್ಕಕ್ಕೆ ಬರಲ್ಲ, ಬಿಡ್ಬೇಕು," ಎಂದರು ಮೂರ್ತಿ ಅಂಕಲ್, ಇಷ್ಟು ವರ್ಷವಾದರೂ ಲೋಕದ ಗಾಳಿ ಸೋಕದವರು. "ಬಿಡ್ಬೇಕು," ಎಂದೆ ನಾನೂ, ಚಂದ್ರುವಿನ ಮುಖ ನೋಡಿಕೊಂಡೇ. ಎಷ್ಟು ರುಚಿಯಾಗಿತ್ತು ಆ ಮಾತು, ಸುಳ್ಳು ಯಾಕೆ ಹೇಳಲಿ.

ಎಲ್ಲರೂ ಪ್ರಸಾದ್ ಕಡೆ ತಿರುಗಿದೆವು. ಅವರು ಕನ್ನಡಕ ಒರೆಸಿದರು. ಚೀಟಿ ನೋಡಲಿಲ್ಲ, ಚಂದ್ರುವನ್ನು ನೋಡಿದರು. "ಇಟ್ಕೊಳ್ಳೋಣ," ಎಂದರು. "ಇಬ್ರಿಗಿಬ್ರು ಆಯ್ತು. ಕಾಫಿ ತಂದಿರೋದು ನಾನು."

"ಲೆಕ್ಕ ಸರಿ ಹೋಗಲ್ವಲ್ಲ ಪ್ರಸಾದ್?" ಎಂದ ಚಂದ್ರು.

"ಹೋಗಲ್ಲ. ಇರ್ಲಿ ಬಿಡಿ. ಕಾಫಿ ಕುಡೀರಿ, ಆರೋಗತ್ತೆ."

ತಂಡದ ವಿಷಯದಲ್ಲಿ ನನ್ನ ಗಂಡ ಸುಳ್ಳು ಹೇಳಿದ್ದನ್ನು ಇದೇ ಮೊದಲು ಕೇಳಿದ್ದು. ನನಗೆ ಮೊದಲು ಕೋಪ ಬಂತು: ಈ ಬುದ್ಧಿ ಅವತ್ತು ಎಲ್ಲಿಗೆ ಹೋಗಿತ್ತು? ಆಮೇಲೆ ಚಂದ್ರು ಲೋಟದೊಳಕ್ಕೆ ಮುಖ ಹುದುಗಿಸಿಕೊಂಡು ಕೂತದ್ದನ್ನು ನೋಡಿದೆ. ಇವನಿಗೂ ನಿದ್ದೆಯಿಲ್ಲದ ಹೆಂಡತಿಯೊಬ್ಬಳು ಮನೆಯಲ್ಲಿ ಇರಬೇಕು. ರಾಶಿಯಲ್ಲಿ ಉಳಿದಿದ್ದ ಬೀಜ ಒಬ್ಬ ಒಳ್ಳೆಯ ವೇಗದ ಬೌಲರ್‌ಗೂ ಸಾಲುತ್ತಿರಲಿಲ್ಲ. ನಾನು ಚೀಲದೊಳಗೆ ಕೈ ಹಾಕಿ, ಹುಣಸೆಹಣ್ಣು ಹಿಸುಕಿ, ಸಿಕ್ಕಷ್ಟು ಬೀಜ ಕಿತ್ತು ರಾಶಿಯ ಮೇಲೆ ಹಾಕಿದೆ. ಹೊಸ ಬೀಜ, ಇನ್ನೂ ಅಂಟಂಟು.

"ಏನಮ್ಮಾ ಇದು, ಪರ್ಸ್ ಮಿತಿ ಮೀರ್ತಲ್ಲ!" ಎಂದು ಮೂರ್ತಿ ಅಂಕಲ್ ಕೂಗಿದರು.

"ಮೀರ್ಲಿ ಅಂಕಲ್," ಎಂದೆ. "ಬೌಲರ್ ಬೇಕಲ್ಲ."

ಈ ವರ್ಷವೂ ಕಪ್ ಬರುವುದಿಲ್ಲ, ನನ್ನಿಂದ ಬರೆಸಿಕೊಳ್ಳಿ. ಇಂಥವರು ಕೂತು ತಂಡ ಕಟ್ಟಿದರೆ ಎಲ್ಲಿಂದ ಬರಬೇಕು?