ಹವಳಕ್ಕೆ ಸುಣ್ಣದ ತಿಳಿ

ಎಡಗಣ್ಣು ಮುಚ್ಚಿ, ಬೆರಳುದ್ದದ ಗಾಜಿನ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಳಗಿನ ನೀಲಿ ನೀರು ಹಳದಿಗೆ ತಿರುಗುವವರೆಗೆ ಅವರು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಬಣ್ಣ ತಿರುಗಿದೊಡನೆ ಮೂಗುತಿಯ ಮಗ್ಗುಲಲ್ಲಿ ಸಣ್ಣದೊಂದು ನಗೆ ಮೂಡುತ್ತಿತ್ತು. ಸಿಡ್ನಿಯ ಟೂಂಗಾಬಿಯಲ್ಲಿ ನನ್ನ ಮಗಳ ಮನೆಯ ಬೇಲಿಗೆ ಅಂಟಿಕೊಂಡಂತಿದ್ದ ಮನೆ ಅವರದು. ಮೈಸೂರಿನ ಕಡೆಯವರು, ಮಗಳಿಗಿಂತ ತುಸು ಹಿರಿಯರು. ಸಂಸ್ಕೃತ ಪಾಠ ಹೇಳಿ ನಿವೃತ್ತನಾದ ನನ್ನನ್ನು ‘ಗುರುಗಳೇ’ ಎಂದು ಕರೆಯುತ್ತಿದ್ದರು. ಆ ಕರೆಯಲ್ಲಿ ಗೌರವದಷ್ಟೇ ಚೇಷ್ಟೆಯೂ ಇರುತ್ತಿತ್ತು.

ಅವರ ನಡುಮನೆಯಲ್ಲಿ ಉಪ್ಪುನೀರಿನ ದೊಡ್ಡದೊಂದು ಗಾಜಿನ ತೊಟ್ಟಿ. ಮೀನುಗಳು ಕೆಲವೇ; ಉಳಿದುದೆಲ್ಲ ಹವಳ. ಉಂಗುರದಲ್ಲಿ ಮಾತ್ರ ನಾನು ಕಂಡಿದ್ದ ಹವಳ ಅಲ್ಲಿ ಹೂವಿನಂತೆ ಅರಳಿ, ನೆರಳು ಬಿದ್ದರೆ ಮುದುಡಿ, ಭಗವಂತನ ಸೃಷ್ಟಿಯಲ್ಲಿ ತನಗೂ ಒಂದು ಪಾಲಿದೆಯೆಂದು ತೋರಿಸುತ್ತಿತ್ತು.

“ನೀರಲ್ಲಿರೋ ಕ್ಯಾಲ್ಸಿಯಂ ತಗೊಂಡು ಇವು ಮೂಳೆ ಕಟ್ಕೊಳ್ತವೆ, ಗುರುಗಳೇ. ಅದೊಂದೇ ಸಾಲಲ್ಲ, ಆಲ್ಕಲಿನಿಟಿ, ಅಂದ್ರೆ ನೀರಿನ ಕ್ಷಾರಗುಣಾನೂ ಬೇಕು. ಒಂದು ಏರಿ ಇನ್ನೊಂದು ಇಳಿದ್ರೆ ಮುಗೀತು. ಅದಕ್ಕೇ ದಿನಾ ಈ ಕೊಳವೆ ಟೆಸ್ಟು.”

“ಗಂಡ ಹೆಂಡ್ತಿ ಥರ ಅನ್ನು,” ಎಂದು ಸೋಫಾದಲ್ಲಿದ್ದ ಅವರ ಯಜಮಾನರು ದನಿಗೂಡಿಸಿದರು.

“ನಮ್ಮನೇಲಿ ಏರೋದು ನಿಮ್ಮ ಬಿಪಿ ಒಂದೇ. ಸುಮ್ನೆ ಕೂತ್ಕೊಳ್ಳಿ.”

ಎರಡನ್ನೂ ಒಟ್ಟಿಗೆ ಕಾಪಾಡಲು ಅವರು ನೆಚ್ಚಿದ್ದು ಸುಣ್ಣದ ತಿಳಿಯನ್ನು. ಶುದ್ಧವಾದ ಸುಣ್ಣವನ್ನು ನೀರಿನಲ್ಲಿ ಕದಡಿ, ಇಡೀ ದಿನ ಅಲುಗಿಸದೆ ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಸಣ್ಣ ನಳಿಕೆಯಿಂದ ತೊಟ್ಟು ತೊಟ್ಟಾಗಿ ಇಳಿಸುತ್ತಿದ್ದರು. ತಳದ ಗಸಿಯನ್ನು ಎಂದೂ ಮುಟ್ಟುತ್ತಿರಲಿಲ್ಲ. ಲಿಂಗದ ಮೇಲೆ ತೂಗುವ ಧಾರಾಪಾತ್ರೆಯ ನೆನಪಾಗುತ್ತದೆಂದು ನಾನು ಹೇಳಿದಾಗ, “ಹಾಗಾದ್ರೆ ಇದೂ ಪೂಜೆ ಅಂತ ಸರ್ಟಿಫಿಕೇಟ್ ಕೊಡಿ, ಇವರಿಗೆ ತೋರಿಸ್ತೀನಿ,” ಎಂದರು. ಬಳಿಕ ನಗು ನಿಲ್ಲಿಸಿ, “ಬೇಕಾದ್ದನ್ನೇ ಆದ್ರೂ ನಿಧಾನವಾಗಿ ಕೊಡಬೇಕು, ಗುರುಗಳೇ. ಒಟ್ಟಿಗೆ ಕೊಟ್ರೆ ತಡ್ಕೊಳ್ಳಲ್ಲ,” ಎಂದರು. ಸೋಮವಾರಗಳಂದು ದಂಪತಿಗಳಿಬ್ಬರೂ ನಮ್ಮ ಮನೆಯ ಅಭಿಷೇಕಕ್ಕೆ ಬರುತ್ತಿದ್ದರು. ಗಂಟೆ ಬಾರಿಸುವ ಕೆಲಸ ಯಜಮಾನರದು.

ಯಜಮಾನರಿಗೆ ಮೆಲ್ಬರ್ನಿನಲ್ಲಿ ಕೆಲಸವಾಗಿ ದಂಪತಿಗಳು ಅಲ್ಲಿನ ಕ್ರೇಗಿಬರ್ನ್ ಬಡಾವಣೆಗೆ ಮನೆ ಬದಲಿಸಿದರು. ಹವಳಗಳನ್ನು ಐಸ್‌ಬಾಕ್ಸುಗಳಲ್ಲಿಟ್ಟು, ಕೂಸುಗಳನ್ನು ಒಯ್ಯುವಂತೆ ಒಯ್ದರು. ಒಂದೂ ಸಾಯಲಿಲ್ಲವೆಂದು ಆಕೆ ಫೋನಿನಲ್ಲಿ ಹಿಗ್ಗಿದರು. ಆಕೆಗೆ ಕಾಯಿಲೆ ಬಂದದ್ದು ಆ ಬಳಿಕ. ಎದೆಯಲ್ಲಿ ಹುಟ್ಟಿದ ಕ್ಯಾನ್ಸರಿನ ಗಂಟು ಕಾಣಿಸಿಕೊಳ್ಳುವ ಹೊತ್ತಿಗೇ ಮೂಳೆಗಿಳಿದಿತ್ತು.

“ಜೋಕ್ ಕೇಳಿ, ಗುರುಗಳೇ. ಟ್ಯಾಂಕಿಗೆ ಕ್ಯಾಲ್ಸಿಯಂ ಎಷ್ಟು ಹಾಕಿದ್ರೂ ಸಾಲಲ್ಲ. ನನ್ನ ಬ್ಲಡ್ಡಲ್ಲಿ ಜಾಸ್ತಿಯಾಗಿದ್ಯಂತೆ, ಮೂಳೆ ಕರಗಿ. ಇದನ್ನ ಅದಕ್ಕೆ ಕೊಡೋಕಾಗಲ್ವಲ್ಲ!”

ಫೋನಿಟ್ಟು ನಾನು ಅವರಿಗಾಗಿ ಜಪಕ್ಕೆ ಕುಳಿತೆ. ವರದಿಗಳು ಮಾತ್ರ ಪ್ರತಿಸಲವೂ ಹಿಂದಿನದಕ್ಕಿಂತ ಕೆಟ್ಟದಾಗಿಯೇ ಬರುತ್ತಿದ್ದವು.

ಅವರನ್ನು ಆಸ್ಪತ್ರೆಗೆ ಸೇರಿಸಿದರೆಂದು ತಿಳಿದು ಮಗಳೊಡನೆ ಮೆಲ್ಬರ್ನಿಗೆ ಹೋದೆ. ಮನೆಯಲ್ಲಿ ಯಜಮಾನರು ತೊಟ್ಟಿಯ ಮುಂದೆ ನೆಲದ ಮೇಲೆ ಕುಳಿತಿದ್ದರು. ನೀರು ಮಜ್ಜಿಗೆಯಾಗಿತ್ತು. ಕಲ್ಲುಗಳ ಮೇಲೆಲ್ಲ ಬಿಳಿಯ ಹುಡಿ ಕುಳಿತಿತ್ತು. ಹವಳದ ಮಾಂಸ ಎಳೆಎಳೆಯಾಗಿ ಕಳಚಿ ತೇಲುತ್ತಿತ್ತು.

“ಆಲ್ಕಲಿನಿಟಿ ತುಂಬಾ ಇಳಿದಿತ್ತು, ಗುರುಗಳೇ. ಅವಳು ಬರೋ ಹೊತ್ತಿಗೆ ಸರಿ ಮಾಡೋಣ ಅಂತ... ಅಭಿಷೇಕದ ಕೊನೇಲಿ ನೀವು ಪಾತ್ರೆ ಪೂರ್ತಿ ಬರಿದು ಮಾಡ್ತೀರಲ್ಲ, ಅಡೀಲಿರೋದನ್ನ ಉಳಿಸಬಾರದು ಅನ್ನಿಸ್ತು. ಕಲಕಿ ಎಲ್ಲಾ ಸುರಿದ್ಬಿಟ್ಟೆ.”

ಗಸಿಸಮೇತ ಒಮ್ಮೆಗೇ ಬಿದ್ದ ಸುಣ್ಣ, ನೀರಿನಲ್ಲಿ ಅಳಿದುಳಿದಿದ್ದ ಸತ್ವವನ್ನೂ ಹಿಡಿದುಕೊಂಡು ಸೀಮೆಸುಣ್ಣವಾಗಿ ಕೆಳಗಿಳಿದಿತ್ತು. ತೊಟ್ಟಿಯ ಅಂಗಡಿಯವನಿಗೆ ಫೋನು ಮಾಡಿದ್ದಾಗಿತ್ತು. ನೀರು ಬದಲಿಸಿ, ಆದರೆ ಆಸೆ ಇಟ್ಟುಕೊಳ್ಳಬೇಡಿ ಎಂದಿದ್ದನಂತೆ. ನೀರು ಬದಲಿಸಿದ್ದೂ ಆಗಿತ್ತು.

“ಅವಳಿಗೆ ಹೇಳ್ಬೇಡಿ. ದಿನಾ ಅದೊಂದೇ ಕೇಳ್ತಾಳೆ. ಚೆನ್ನಾಗಿದೆ ಅಂದ್ಬಿಡಿ, ನಿಮ್ಮ ಮಾತು ನಂಬ್ತಾಳೆ.”

ಆಸ್ಪತ್ರೆಯ ಮಂಚದಲ್ಲಿ ಅವರು ಇದ್ದಾರೋ ಇಲ್ಲವೋ ಎಂಬಷ್ಟು ಕೃಶರಾಗಿದ್ದರು. ನನ್ನನ್ನು ಕಂಡು ಕೈಮುಗಿಯಲು ಯತ್ನಿಸಿದರು. “ಮನೆಗೆ ಹೋಗಿದ್ರಾ, ಗುರುಗಳೇ? ನೀರು ಹೇಗಿದೆ?”

ಬಾಯಿ ತೆರೆದೆ. ನಿಜವೂ ಬರಲಿಲ್ಲ, ಸುಳ್ಳೂ ಬರಲಿಲ್ಲ. ಯಜಮಾನರು ಜಾಕೆಟ್ಟಿನ ಜೇಬುಗಳಲ್ಲಿ ಕೈ ಹುದುಗಿಸಿ ನೆಲ ನೋಡುತ್ತಿದ್ದರು. ಆಕೆ ನನ್ನನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದರು.

“ಕೈ ತೋರ್ಸಿ.”

ಯಜಮಾನರು ಮಗುವಿನಂತೆ ಕೈ ಚಾಚಿದರು. ಸುಣ್ಣ ತಿಂದು ಬೆರಳ ತುದಿಗಳು ಬಿಳಿಚಿ ಬಿರಿದಿದ್ದವು. ಆಕೆ ಆ ಬೆರಳುಗಳನ್ನು ಹಿಡಿದು ಕಣ್ಣು ಮುಚ್ಚಿಕೊಂಡರು. ಒಂದು ಹನಿ ಕಿವಿಯ ಕಡೆಗೆ ಇಳಿಯಿತು.

“ಗ್ಲವ್ಸ್ ಹಾಕ್ಕೊಳ್ಳಿ ಅಂದಿರ್ಲಿಲ್ವಾ?” ಎಂದರು ಕೊನೆಗೆ. “ಹೇಗೆ ಸುಟ್ಕೊಂಡಿದೀರ ನೋಡಿ. ಕೊಬ್ಬರಿ ಎಣ್ಣೆ ಹಚ್ಚಿ.”

ನೀರಿನ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಆ ಚಳಿಗಾಲ ಕಳೆಯುವ ಮೊದಲೇ ತೀರಿಕೊಂಡರು. ಅಂದು ನನ್ನಿಂದ ಸುಳ್ಳನ್ನಾಗಲಿ ನಿಜವನ್ನಾಗಲಿ ಹೇಳಿಸದೆ ಅವರು ನನ್ನನ್ನು ಕಾಪಾಡಿದರು. ಕಾಪಾಡಲೆಂದು ಹೋಗಿದ್ದವನು ನಾನು. ಆಸ್ಪತ್ರೆಯಿಂದ ಮರಳಿದ ಆ ಸಂಜೆಯೇ ಕ್ರೇಗಿಬರ್ನಿನ ಇಂಡಿಯನ್ ಅಂಗಡಿಯಲ್ಲಿ ಕೊಬ್ಬರಿ ಎಣ್ಣೆಯ ಶೀಸೆಯೊಂದನ್ನು ಕೊಂಡು ಯಜಮಾನರ ಬೆರಳುಗಳಿಗೆ ಹಚ್ಚಿದೆ. ಆಕೆಗಾಗಿ ನನ್ನಿಂದ ಆದದ್ದು ಅಷ್ಟೇ.