ಫಿರಂಗಿ ಮಾವನ ಬರಿಗೈ ಪಾಠ

ಒಡವೆ ಅಂಗಡಿಯ ಬಾಗಿಲಲ್ಲಿ ಜೋಡುನಳಿಗೆ ಬಂದೂಕು ಹಿಡಿದು ನಿಲ್ಲುವ ಕಾವಲುಗಾರನಿಗೆ ಅಂಗಡಿಯ ಹುಡುಗಿಯರು ಇಟ್ಟ ಹೆಸರು ಫಿರಂಗಿ ಮಾವ. ಹೆಸರಿಗೆ ತಕ್ಕ ಮೀಸೆಯಿತ್ತು, ಮೀಸೆಗೆ ತಕ್ಕ ಹೊಟ್ಟೆಯೂ ಇತ್ತು. ಬಂದೂಕು ಮಾತ್ರ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಕೆಮ್ಮಿರಲಿಲ್ಲ. ಮನೆಯಲ್ಲಿ ಹೆಂಡತಿ ಕಣ್ಣು ಬಿಟ್ಟರೆ ಬಾಲ ಮುದುರಿಕೊಳ್ಳುವ ಮನುಷ್ಯ, ಬಂದೂಕು ಕೈಗೆ ಬಂದೊಡನೆ ಕೋಟೆ ಕಾಯುವ ದಳವಾಯಿ.

ಹೀಗಿರುವಾಗ ಕಾವಲುಗಾರರನ್ನು ಒದಗಿಸುವ ಏಜೆನ್ಸಿಯವರು ಹೊಸ ತಗಾದೆ ತೆಗೆದರು. ಬಂದೂಕು ಇರುವವರೆಲ್ಲ ಪ್ರತಿ ಭಾನುವಾರ ಬಂದು ಬರಿಗೈಯಲ್ಲಿ ಆತ್ಮರಕ್ಷಣೆ ಕಲಿಯಬೇಕಂತೆ. ಮಾವನಿಗೆ ಮೈಯೆಲ್ಲ ಉರಿದುಹೋಯಿತು.

"ಬಂದೂಕು ಇಟ್ಕೊಂಡಿರೋನಿಗೆ ಗುದ್ದಾಟ ಯಾಕೆ ಬೇಕು?"

"ಹೋಗ್ಬನ್ನಿ, ಹೊಟ್ಟೆಯಾದ್ರೂ ಕರಗುತ್ತೆ" ಎಂದಳು ಹೆಂಡತಿ.

ಕಲಿಸುವವಳು ಮಾವನ ಭುಜಕ್ಕೂ ಬಾರದ ಜೂಡೋ ಟೀಚರಮ್ಮ. ಮರದ ಬಂದೂಕೊಂದನ್ನು ಅವನ ಕೈಗಿತ್ತು, "ಬಿಡಬೇಡಿ" ಎಂದು ನಳಿಗೆಗೆ ಕೈಹಾಕಿದಳು. ಮಾವ ಹಲ್ಲು ಕಚ್ಚಿ ಎಳೆದ. ಅವಳು ಆ ಎಳೆತದ ಜೊತೆಗೇ ಒಳಗೆ ನುಗ್ಗಿದಳು. ಮರುಗಳಿಗೆಯಲ್ಲಿ ಮಾವ ಚಾಪೆಯ ಮೇಲೆ ಅಂಗಾತ, ಬಂದೂಕು ಅವಳ ಹೆಗಲಲ್ಲಿ.

"ನೋಡಿದ್ರಾ? ಎರಡೂ ಕೈ ಬಂದೂಕಿಗೇ ಅಂಟ್ಕೊಂಡ್ವು. ಅಂದ್ರೆ ನಿಮಗೆ ಕೈನೇ ಇರಲಿಲ್ಲ. ಮೇಲಾಗಿ ಬೆರಳು ಟ್ರಿಗರ್ ಮೇಲೆ. ನಿಜವಾದ್ದಾಗಿದ್ರೆ ಜಗ್ಗಾಟದಲ್ಲೇ ಗುಂಡು ಹಾರಿರೋದು. ಯಾರ ಹಣೆಗೋ, ದೇವರಿಗೇ ಗೊತ್ತು. ಎಳೀಬೇಡಿ. ಬೆರಳು ಹೊರಗೆ, ನಳಿಗೆ ಜನ ಇಲ್ಲದ ಕಡೆ, ಹೆಜ್ಜೆ ಮುಂದಕ್ಕೆ."

"ಮುಂದಕ್ಕೆ ಹೋದ್ರೆ ಅವನ ಕೈಗೇ ಸಿಕ್ಕಿಬೀಳ್ತೀನಲ್ಲಮ್ಮಾ?"

"ಹೋಗಿ ನೋಡಿ. ಅವನೇ ನಿಮ್ಮ ಕೈಗೆ ಸಿಕ್ತಾನೆ."

ಆಮೇಲೆ ಪ್ರತಿ ಸೋಮವಾರವೂ ಮಾವ ಸೊಂಟ ಹಿಡಿದುಕೊಂಡೇ ಬಾಗಿಲಿಗೆ ಬರತೊಡಗಿದ.

"ನಿನ್ನೆ ಯಾರು ಗೆದ್ರು ಮಾವ?" ಎಂದು ಹುಡುಗಿಯರು ಕೆಣಕುವರು.

"ಚಾಪೆ" ಎಂದು ಮಾವ ಮುಖ ತಿರುಗಿಸುವನು.

ಒಂದು ಮಧ್ಯಾಹ್ನ ಅಂಗಡಿ ಕಿಕ್ಕಿರಿದಿತ್ತು. ಮಹಡಿಯ ಮೇಲಿನ ಕೆಲಸದ ಕೋಣೆಯಿಂದ ಒಡವೆಗೆ ಮೆರುಗು ಕೊಡುವವನು ಇಳಿದು ಬಂದ. ದಿನಾ ಮಾವನ ಜೊತೆ ಟೀ ಕುಡಿಯುವ ಗೆಳೆಯ. ಸ್ವಲ್ಪ ಹೊತ್ತಿನ ಮುಂಚೆ ಮಾಲೀಕರು ಮಹಡಿಗೆ ಹೋಗಿ, ಚಿನ್ನದ ಪುಡಿ ಕದ್ದನೆಂದು ಅವನನ್ನು ಕೆಲಸದವರೆಲ್ಲರ ಎದುರು ಉಗಿದು ಕೆಲಸದಿಂದ ತೆಗೆದದ್ದು ಮಾವನಿಗೆ ತಿಳಿದಿರಲಿಲ್ಲ. ಕಳ್ಳ, ಕೇಡಿಗ ಎಲ್ಲ ಬೀದಿಯಿಂದಲೇ ಬರಬೇಕು ಎನ್ನುವುದು ಬಾಗಿಲು ಕಾಯುವವರ ಕಾಯಿಲೆ. ಒಳಗಿನಿಂದ ಬಂದ ಗುರುತಿನ ಮುಖಕ್ಕೆ ಮಾವ ತಲೆಯಾಡಿಸಿ, ಆರಾಮವಾಗಿ ಬೆನ್ನು ತಿರುಗಿಸಿ, ಅಜ್ಜಿಯೊಬ್ಬಳಿಗೆ ಗಾಜಿನ ಬಾಗಿಲು ತೆರೆದ.

ನಳಿಗೆ ಯಾರದೋ ಮುಷ್ಟಿಗೆ ಸಿಕ್ಕಿ ಜಗ್ಗಿತು.

"ಬಿಡಣ್ಣ! ಅವನೊಬ್ಬನ್ನ ಮುಗಿಸಿ ವಾಪಸ್ ಕೊಡ್ತೀನಿ!"

ಗಲ್ಲಾದ ಹಿಂದೆ ಮಾಲೀಕರ ಮುಖ ಸುಣ್ಣವಾಯಿತು. ಮಾವ ತಿರುಗಿ ಬಂದೂಕನ್ನು ಎರಡೂ ಕೈಯಲ್ಲಿ ಹಿಡಿದ. ಬಂದೂಕಿನೊಳಗೆ ಎರಡು ತೋಟಾಗಳಿದ್ದವು. ಕಲಿತದ್ದೆಲ್ಲ ತಲೆಯಿಂದ ಗುಳೆ ಎದ್ದುಹೋಗಿತ್ತು. ಕೈಗಳು ತಮ್ಮಷ್ಟಕ್ಕೆ ತಾವೇ ಎಳೆಯತೊಡಗಿದವು. ಗೆಳೆಯ ಎಳೆದಾಗ ನಳಿಗೆ ಬಳೆ ನೋಡುತ್ತಿದ್ದ ತಾಯಿಮಗಳ ಕಡೆ ವಾಲಿತು. ಮಾವ ಎಳೆದಾಗ ಅಜ್ಜಿಯ ಕಡೆ. ಮೇಲಕ್ಕೆತ್ತೋಣವೆಂದರೆ ಮಹಡಿಯ ತೆಳ್ಳನೆ ಹಲಗೆಯ ಮೇಲೆ ಆರೇಳು ಜನ ಕೆಲಸ ಮಾಡುತ್ತಿದ್ದರು. ತನ್ನ ತೋರುಬೆರಳು ಟ್ರಿಗರ್ ಹುಡುಕುತ್ತಿರುವುದು ಆಗ ಮಾವನಿಗೆ ಗೊತ್ತಾಯಿತು.

ಬೆರಳನ್ನು ಹೊರಗೆ ಕಿತ್ತ. ಬಾಗಿಲ ಪಕ್ಕದ ದಪ್ಪ ಕಲ್ಲುಕಂಬದ ಬಳಿ ಒಂದು ನರಪಿಳ್ಳೆಯೂ ಇರಲಿಲ್ಲ. ನಳಿಗೆಯನ್ನು ಅತ್ತ ದೂಡಿದ. ಆಮೇಲೆ, ಜೀವವೆಲ್ಲ ಹಿಂದಕ್ಕೆ ಓಡು ಎನ್ನುತ್ತಿದ್ದರೂ, ಹೆಜ್ಜೆಯನ್ನು ಮುಂದಕ್ಕೆ ಇಟ್ಟ.

ಎಳೆಯುತ್ತಿದ್ದವನು ಆಯ ತಪ್ಪಿ ತೂರಾಡಿದ. ಅಷ್ಟು ಸಾಕಾಯಿತು. ಬಂದೂಕಿನ ಹಿಂಬದಿ ಕೆಳಗಿನಿಂದ ಸುತ್ತಿ ಮೇಲೆದ್ದಿತು, ಅವನ ಹೆಬ್ಬೆರಳು ತಿರುಚಿಕೊಂಡಿತು, ಹಿಡಿತ ಬಿಟ್ಟಿತು. ಮಾವ ಅವನನ್ನು ಕಂಬಕ್ಕೆ ಒತ್ತಿ ನಿಂತ. ಕರಗದೆ ಉಳಿದ ಹೊಟ್ಟೆ ಅಂದು ಸರ್ಕಾರಿ ಬೀಗದ ಹಾಗೆ ಕೆಲಸ ಮಾಡಿತು.

"ಬಿಡಣ್ಣ, ನಾನು ಕದ್ದಿಲ್ಲ" ಎಂದು ಅವನು ಅತ್ತ.

"ಇರಬಹುದು ಕಣೋ. ಈಗ ಅಲ್ಲಾಡಬೇಡ."

ಅಂಗಡಿಯವರು ಬಂದು ಅವನನ್ನು ಹಿಡಿದುಕೊಂಡ ಮೇಲೆ ಮಾವ ಬಂದೂಕನ್ನು ನಡುವೆ ಬಾಗಿಸಿ ತೆರೆದು, ತೋಟಾಗಳನ್ನು ತೆಗೆದು ಜೇಬಿಗೆ ಹಾಕಿದ. ಮೆಟ್ಟಿಲ ಮೇಲೆ ಕುಳಿತ.

"ಹೊಡೀಬೇಕಿತ್ತು ಕಣ್ರೀ ಅವನಿಗೆ! ಬಂದೂಕು ಮತ್ಯಾಕೆ ಕೊಟ್ಟಿರೋದು?" ಎಂದು ಮಾಲೀಕರು ಕೂಗಾಡಿದರು. ಈಗ ಅವರಿಗೆ ದನಿ ಬಂದಿತ್ತು. ಮಾವ ಬಳೆಯ ಕೌಂಟರಿನ ಕಡೆ ನೋಡಿದ. ತಾಯಿಮಗಳು ಒಬ್ಬರನ್ನೊಬ್ಬರು ಅಪ್ಪಿಕೊಂಡು ಅಲ್ಲೇ ಇದ್ದರು.

ಇನ್ಸ್‌ಪೆಕ್ಟರ್ ಬಂದು ಕೇಳಿದರು: "ಗುಂಡು ಹಾರಿತಾ?"

"ಇಲ್ಲ ಸಾರ್."

"ಯಾರಿಗಾದ್ರೂ ಪೆಟ್ಟು?"

"ಇವನ ಹೆಬ್ಬೆರಳಿಗೆ ಸಾರ್. ನಾನೇ ತಿರುಚಿದ್ದು. ಕೇಸು ಏನಾದ್ರೂ ಹಾಕ್ಕೊಳ್ಳಿ, ಮೊದಲು ಆಸ್ಪತ್ರೆಗೆ ಕರ್ಕೊಂಡ್ಹೋಗಿ. ಅವನ ಹೊಟ್ಟೆಪಾಡು ಆ ಬೆರಳಲ್ಲೇ ಇರೋದು."