ದಿಗಂಬರರಾಯರ ತೇಲುವ ಕೊಡ

ಭಾಟಘರದ ಅಣೆಕಟ್ಟನ್ನು ಕಟ್ಟಿದವರು ಯಾರು ಎಂದು ಪುಣೆಯ ಸದಾಶಿವ ಪೇಠೆಯಲ್ಲಿ ಹಲವು ಸಂಸಾರಗಳಿದ್ದ ನಮ್ಮ ವಾಡೆಯಲ್ಲಿ ಯಾರನ್ನು ಕೇಳಿದರೂ ದಿಗಂಬರರಾಯರ ಬಾಗಿಲು ತೋರಿಸುತ್ತಿದ್ದರು. ರಾಯರು ಅದನ್ನು ಕಟ್ಟಿದ್ದು ನೀರಾವರಿ ಖಾತೆಯ ಕಚೇರಿಯ ಕಿಟಕಿಯ ಪಕ್ಕ ಕೂತು. ಇಂಜಿನಿಯರರು ಬರೆದ ನಕ್ಷೆಯ ಮೇಲೆ ತೆಳುವಾದ ಬಟ್ಟೆ ಹಾಸಿ, ಕೆಳಗಿನ ಗೆರೆಯ ಮೇಲೆ ಮೇಲಿನ ಗೆರೆ ಎಳೆಯುವುದು ಅವರ ಕೆಲಸ. ಹುದ್ದೆಯ ಹೆಸರು ಟ್ರೇಸರ್. ಧಾರವಾಡದಿಂದ ಬಂದು ಇಪ್ಪತ್ತು ವರ್ಷ ಗೆರೆ ಎಳೆದ ಮೇಲೆ ಯಾವ ಗೆರೆ ತಮ್ಮದು, ಯಾವುದು ಇಂಜಿನಿಯರರದು ಎಂಬುದು ಅವರಿಗೆ ಮರೆತುಹೋಗಿತ್ತು. ಮರೆತವರಿಗೆ ನೆನಪಿಸುವಷ್ಟು ಒರಟುತನ ವಾಡೆಯಲ್ಲಿ ಪಂಢರಿನಾಥನೊಬ್ಬನಿಗೇ ಇತ್ತು.

ಪಂಢರಿನಾಥ ಎದುರುಮನೆಯವನು, ಬುಧವಾರ ಪೇಠೆಯ ಒಂದು ಛಾಪಖಾನೆಯಲ್ಲಿ ಅಕ್ಷರ ಜೋಡಿಸುತ್ತಿದ್ದ. ರಾಯರು "ನಾವು ಭಾಟಘರ ಕಟ್ಟೂ ಮುಂದ..." ಎಂದು ಆರಂಭಿಸಿದರೆ ಅವನು, "ಹೌದ್ರಿ ರಾಯರ, ನಾನೂ ಮೊನ್ನೆ ಭಗವದ್ಗೀತಾ ಬರದೆ. ಎರಡನೇ ಆವೃತ್ತಿ," ಎನ್ನುತ್ತಿದ್ದ.

ಮೂವತ್ತರ ದಶಕ ಆಗಷ್ಟೇ ಶುರುವಾಗಿತ್ತು. ವಾಡೆಯ ಅಂಗಳದ ನಡುವೆ ಒಂದು ಆಳದ ಬಾವಿ. ನಗರಸಭೆಯ ನಳ ತನಗೆ ಮನಸ್ಸು ಬಂದಾಗ ಹನಿಸುತ್ತಿತ್ತು. ಉಳಿದದ್ದೆಲ್ಲ ಹಗ್ಗ, ಕೊಡ ಮತ್ತು ಹೆಂಗಸರ ತೋಳು. ರಾಯರ ಹೆಂಡತಿ ನರ್ಮದಾಬಾಯಿಯವರ ಅಂಗೈ ಹಗ್ಗ ಜಗ್ಗಿ ಜಗ್ಗಿ ಎಷ್ಟು ಗಟ್ಟಿಯಾಗಿತ್ತೆಂದರೆ ಬಿಸಿ ಬೋಗುಣಿಯನ್ನು ಬರಿಗೈಯಲ್ಲೇ ಇಳಿಸುತ್ತಿದ್ದರು. ಹೀಗಿರುವಾಗ ವಾಡೆಗೆ ವಿದ್ಯುತ್ ಬಂತು. ಅದರ ಹಿಂದೆಯೇ ಪಂಪಿನ ಮಾತೂ ಬಂತು.

ವಾಡೆಯ ಮಾಲಕಿ ಗೋದಾಬಾಯಿ, ಬೆಳಗಾವಿ ಕಡೆಯವರು. ಎಲ್ಲರೂ ಅವರನ್ನು ಕಾಕೂ ಎನ್ನುತ್ತಿದ್ದರು, ಅವರಿಗಿಂತ ಹಿರಿಯರು ಕೂಡ. ಮಡಿಯಲ್ಲಿ ಅವರ ಕಾಯಿದೆ ಸರ್ಕಾರದ್ದಕ್ಕಿಂತ ಬಿಗಿ. ಪಂಪು ಕೂಡಿಸಲು ಬಂದವನನ್ನು ಅವರು ಕೇಳಿದ್ದು ಒಂದೇ ಪ್ರಶ್ನೆ.

"ಒಳಗ ಚರ್ಮ ಅದ ಏನು?"

"ಇಲ್ರಿ ಕಾಕೂ, ಬರೇ ರಬ್ಬರ."

"ರಬ್ಬರ ಅಂದ್ರ?"

"ಗಿಡದ ಹಾಲ್ರಿ."

"ಹಾಲು ಅಂದ್ರ ಅಡ್ಡಿ ಇಲ್ಲ," ಎಂದು ಕಾಕೂ ಒಪ್ಪಿದರು.

ಪಂಪು ಕೂತಿತು, ಮಾಳಿಗೆಯ ಗಚ್ಚಿನ ಮೇಲೆ ನೀರು ತುಂಬುವ ತಗಡಿನ ದೊಡ್ಡ ಟಾಕಿ ಕೂತಿತು. ಮೊದಲ ದಿನ ನರ್ಮದಾಬಾಯಿ ಪಂಪಿಗೆ ಅರಿಶಿಣ ಕುಂಕುಮ ಹಚ್ಚಿ, ಹೊಸ ಸೊಸೆಯ ಮುಖ ನೋಡುವ ಹಾಗೆ ಸ್ವಲ್ಪ ಹೊತ್ತು ನೋಡಿದರು. ಸ್ವಿಚ್ಚು ಮಾತ್ರ ಕಾಕೂ ಅವರ ದೇವರಮನೆಯ ಪಕ್ಕದ ಓಣಿಯಂಥ ಜಾಗದಲ್ಲಿ ಬಂತು. ವಿದ್ಯುತ್ತಿನ ಮೀಟರು ಅಲ್ಲೇ ಇತ್ತು.

ಟಾಕಿ ತುಂಬುವುದನ್ನು ಗಚ್ಚಿನ ಮೇಲೆ ನಿಂತು ಯಾರಾದರೂ ನೋಡಿ, ತುಂಬಿದಾಗ ಕೆಳಗಿನವರಿಗೆ ಕೂಗಿ ಹೇಳಬೇಕು. ನೀರಿನ ಖಾತೆಯ ಮನುಷ್ಯ ವಾಡೆಯಲ್ಲೇ ಇರುವಾಗ ಬೇರೆ ಯಾರು ಆ ಕೆಲಸ ಮಾಡಬೇಕು? ರಾಯರು ಕೋಟು ಹಾಕಿಕೊಂಡೇ ಗಚ್ಚು ಹತ್ತುತ್ತಿದ್ದರು. ಒಂದು ಬೆಳಿಗ್ಗೆ ಪಕ್ಕದ ವಾಡೆಯ ಗಚ್ಚಿನ ಮೇಲೆ ನಿಂತವರಿಗೆ ಭಾಟಘರದ ಬಾಗಿಲುಗಳ ವಿಚಾರ ಹೇಳುತ್ತಿದ್ದಾಗ, ಬೆನ್ನ ಹಿಂದೆ ಟಾಕಿ ತುಂಬಿ ಹರಿಯಿತು. ನೀರು ಮೊದಲು ಕಾಕೂ ಒಣಗಲು ಹಾಕಿದ್ದ ಸಂಡಿಗೆಗೆ, ಆಮೇಲೆ ಮಾಳಿಗೆಯ ಸಂದಿನಿಂದ ಇಳಿದು ನೇರವಾಗಿ ಅವರ ದೇವರ ತಲೆಯ ಮೇಲೆ.

"ದೇವರಿಗೆ ಅಭಿಷೇಕ ಆತಲ್ಲ ಕಾಕೂ, ಪುಣ್ಯದ ಕೆಲಸಾನ," ಎಂದ ಪಂಢರಿನಾಥ.

ಕಾಕೂ ನಗಲಿಲ್ಲ. "ಇನ್ನೊಂದು ಸರ್ತೆ ಈ ಪಂಪಿನ ಸಲುವಾಗಿ ನನ್ನ ಮನಿಯಾಗ ಮಡಿ ಕೆಟ್ಟರ, ಇದನ್ನ ಜುನ್ಯಾ ಬಜಾರದ ಗುಜರಿಗೆ ಹಾಕ್ತೀನಿ. ಹಗ್ಗ ಇನ್ನೂ ಅಲ್ಲೇ ಅದ," ಎಂದರು.

ನರ್ಮದಾಬಾಯಿ ಒಮ್ಮೆ ಹಗ್ಗದ ಕಡೆ ನೋಡಿದರು, ಒಮ್ಮೆ ಗಂಡನ ಕಡೆ. ಆ ನೋಟ ರಾಯರಿಗೆ ತಾಗಿರಬೇಕು. ಆ ರವಿವಾರವೇ ಅವರು ಘೋಷಿಸಿದರು: "ತಪ್ಪು ನಂದಲ್ಲ. ಮನಷ್ಯಾನ ಕಡೆ ಕೆಲಸ ಕೊಟ್ಟದ್ದ ತಪ್ಪು. ಇನ್ನ ಮುಂದ ಪಂಪು ತಾನ ಸುರು ಆಗ್ತದ, ತಾನ ನಿಲ್ಲತದ."

ಹೇಳಿದ್ದನ್ನು ಮಾಡಿಯೂ ತೋರಿಸಿದರು ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಒಂದು ತಾಮ್ರದ ಕೊಡಕ್ಕೆ ಭಾರಕ್ಕೆಂದು ಒಂದಿಷ್ಟು ಮರಳು ತುಂಬಿಸಿ, ತಾಮ್ರದ ಕೆಲಸದವರ ಓಣಿಯಾದ ತಾಂಬಟರ ಆಳಿಯಲ್ಲಿ ಬಾಯಿ ಬೆಸೆಸಿ ತಂದು ಟಾಕಿಯಲ್ಲಿ ತೇಲಿಬಿಟ್ಟರು. ಕೊಡದ ಕೊರಳಿನ ದಾರ ಎರಡು ರಾಟೆ ದಾಟಿ, ಗೋಡೆಗುಂಟ ಇಳಿದು, ಕೆಳಗಿನ ಸ್ವಿಚ್ಚಿನ ಕಟ್ಟಿಗೆಯ ಹಿಡಿಕೆಗೆ ಬಂದು ಕೂಡುತ್ತಿತ್ತು. ನೀರು ಇಳಿದರೆ ಕೊಡವೂ ಇಳಿಯುತ್ತದೆ, ದಾರ ಜಗ್ಗುತ್ತದೆ, ಹಿಡಿಕೆ ಮೇಲೇಳುತ್ತದೆ, ಪಂಪು ಶುರು. ನೀರು ತುಂಬಿದರೆ ಕೊಡ ಮೇಲೆ ಬರುತ್ತದೆ, ದಾರ ಸಡಿಲಾಗುತ್ತದೆ, ಹಿಡಿಕೆ ತನ್ನ ಭಾರಕ್ಕೆ ಟಕ್ ಎಂದು ಬೀಳುತ್ತದೆ, ಪಂಪು ಬಂದ್. ಒಂದು ತಿಂಗಳು ಹನಿ ನೀರೂ ಹೊರಗೆ ಚೆಲ್ಲಲಿಲ್ಲ.

ಯಂತ್ರ ತಾನೇ ನಡೆಯತೊಡಗಿದ ಮೇಲೆ ರಾಯರಿಗೆ ಕೆಲಸ ಹೆಚ್ಚಾಯಿತು. ಬಂದವರಿಗೆಲ್ಲ ಅದನ್ನು ತೋರಿಸಬೇಕು. ಸ್ವಿಚ್ಚಿನ ಹತ್ತಿರ ಯಾರಾದರೂ ಸುಳಿದರೆ ಬೆದರಿಸಬೇಕು: "ಒದ್ದಿ ಕೈಲೆ ಮುಟ್ಟಿದ್ರೋ, ನಿಂತಲ್ಲೇ ಹೆಣ! ಯಾರೂ ಮುಟ್ಟೋ ಕಾರಣಾನ ಇಲ್ಲ. ಇದಕ್ಕ ಮನಷ್ಯಾನ ಕೈ ಬೇಕಾಗೂದಿಲ್ಲ." ವಾಡೆಯವರು ಮನುಷ್ಯರ ಮಾತು ಕೇಳುವವರಲ್ಲದಿದ್ದರೂ ಹೆಣವಾಗುವ ಮಾತು ಕೇಳಿದರು.

ಆಮೇಲೆ ಶ್ರಾವಣದ ಅಮಾವಾಸ್ಯೆ ಬಂತು, ಜೊತೆಗೆ ಸೂರ್ಯಗ್ರಹಣ. ಸೂರ್ಯ ಬೆಳಗಿನಿಂದಲೇ ಮೋಡದಲ್ಲಿ ಅಡಗಿದ್ದ. ಗ್ರಹಣ ಹಿಡಿದದ್ದು ಪಂಚಾಂಗದಿಂದಲೇ ತಿಳಿಯಿತು. ಗ್ರಹಣ ಬಿಡುವವರೆಗೆ ಮೌನದಲ್ಲಿ ಸಹಸ್ರ ಗಾಯತ್ರಿ ಮಾಡುವುದಾಗಿ ರಾಯರು ಹಿಂದಿನ ದಿನ ಎಲ್ಲರಿಗೂ ಕೇಳಿಸುವಂತೆ ಹೇಳಿದ್ದರು. ಮಿಂದು, ಒದ್ದೆ ಧೋತರದಲ್ಲೇ ಕಟ್ಟೆಯ ಮೇಲೆ ಕೂತರು. ಜಪ ಎಷ್ಟು ನಿಧಾನವೆಂದರೆ ಗ್ರಹಣ ಬಿಟ್ಟರೂ ಇನ್ನೂ ಮುಗಿದಿರಲಿಲ್ಲ.

ಗ್ರಹಣ ಬಿಟ್ಟ ಕೂಡಲೇ ಪಂಢರಿನಾಥನೊಬ್ಬನನ್ನು ಬಿಟ್ಟು ವಾಡೆಯವರೆಲ್ಲ ಬಾವಿಕಟ್ಟೆಯಲ್ಲಿ ತಲೆಯ ಮೇಲೆ ನೀರು ಸುರಿದುಕೊಂಡರು. ಗ್ರಹಣಕ್ಕೆ ಮುಂಚೆ ತುಂಬಿಟ್ಟ ನೀರು ಮೈಲಿಗೆ. ಕೊಡ, ಹಂಡೆ, ತಂಬಿಗೆ ಎಲ್ಲ ಬರಿದಾದವು. ಕಾಕೂ ಗಚ್ಚಿನ ಕಡೆ ಬೊಟ್ಟು ಮಾಡಿದರು.

"ಟಾಕಿನೂ ಚೆಲ್ರಿ. ತಳಾ ಕಾಣಬೇಕು. ಹಳೇ ನೀರಿನ ಜೋಡಿ ಹೊಸಾ ನೀರು ಕೂಡಿತೋ, ಎಲ್ಲಾ ಮೈಲಿಗಿ."

ಟಾಕಿಯ ನಳಗಳನ್ನು ತಿರುವಿದರು. ನೀರು ಹರಿಯಿತು. ಟಾಕಿ ಅರ್ಧಕ್ಕೆ ಇಳಿಯಿತು, ಕೊಡ ಇಳಿಯಿತು, ಕೆಳಗೆ ಹಿಡಿಕೆ ಎದ್ದು ನಿಂತಿತು. ಪಂಪು ಗುರ್ರ್ ಎಂದು ಬಾವಿಯ ಹೊಸ ನೀರನ್ನು ಹಳೆಯ ನೀರಿಗೆ ಸುರಿಯತೊಡಗಿತು. ಇದ್ದಬದ್ದ ನಳವೆಲ್ಲ ಬಿಟ್ಟರು. ಅಷ್ಟೇ ನೀರು ಮೇಲೆ ಬಂತು. ಅಂಗಳದಲ್ಲಿ ಮುಠಾ ನದಿ ಹರಿಯಿತು, ಟಾಕಿಯ ನೀರು ಮಾತ್ರ ಅರ್ಧದಲ್ಲೇ ನಿಂತಿತು.

"ನಿಲ್ಸ್ರೋ ಅದನ್ನ!" ಎಂದರು ಕಾಕೂ.

ಪಂಢರಿನಾಥ ಸ್ವಿಚ್ಚಿನ ಕಡೆ ಹೊರಟ. ಕಾಕೂ ಅವನನ್ನು ಮೇಲಿನಿಂದ ಕೆಳಗೆ ನೋಡಿ, "ನಿಲ್ಲು. ನೀ ಒಣಾ ಇದ್ದಿ," ಎಂದರು.

"ಅದಕ್ಕ ಹೊಂಟೀನಿ ಕಾಕೂ. ಒಣಾ ಕೈ ಬೇಕಲ್ಲ."

"ಒಣಾ ಇದ್ದಿ ಅಂದ್ರ ಸ್ನಾನ ಆಗಿಲ್ಲ. ಸ್ನಾನ ಆಗಲಾರದವ ನನ್ನ ದೇವರಮನಿ ಮುಂದ ಹ್ಯಾಂಗ ಹೋಗ್ತಿ?"

ಪಂಢರಿನಾಥ ಅಲ್ಲೇ ಒಂದು ಬಿಂದಿಗೆ ನೀರು ಸುರಿದುಕೊಂಡ. "ಈಗ ಆತಿಲ್ರಿ?"

"ಈಗ ಒದ್ದಿ ಆದಿ. ಮುಟ್ಟಿದರ ಸಾಯ್ತಿ."

ಸಮಸ್ಯೆಯ ಆಳ ಆಗ ಎಲ್ಲರಿಗೂ ತಿಳಿಯಿತು. ಮಿಂದವರೆಲ್ಲ ಒದ್ದೆ, ಒಣಗಿದವರೆಲ್ಲ ಮೈಲಿಗೆ. ಕೈ ಒರೆಸಿಕೊಳ್ಳೋಣ, ಉಟ್ಟದ್ದನ್ನು ಬದಲಿಸೋಣ ಎಂದರೆ ಗಳುವಿನ ಮೇಲಿನ ಬಟ್ಟೆಗೂ ಗ್ರಹಣ ಹಿಡಿದಿತ್ತು; ಒಗೆಯದೆ ಉಡುವಂತಿಲ್ಲ, ಒಗೆದರೆ ಶ್ರಾವಣದಲ್ಲಿ ಯಾವಾಗ ಒಣಗಬೇಕು?

ಎಲ್ಲರೂ ರಾಯರ ಕಡೆ ತಿರುಗಿದರು. ರಾಯರು ಜಪ ನಿಲ್ಲಿಸದೆ ಕಣ್ಣಗಲಿಸಿ, ಎಡಗೈಯನ್ನು ಮೇಲೆತ್ತಿದರು, ಇಳಿಸಿದರು, ಗಾಳಿಯಲ್ಲಿ ಒಂದು ಸುತ್ತು ಬರೆದರು.

"ಏನಂತಾರ್ರಿ ವೈನಿ?" ಎಂದು ಪಂಢರಿನಾಥ ನರ್ಮದಾಬಾಯಿಯನ್ನು ಕೇಳಿದ.

"ಭಾಟಘರ ಇರಬೇಕು," ಎಂದರು ನರ್ಮದಾಬಾಯಿ.

ಕಾಕೂ ಸೆರಗು ಬಿಗಿದರು. "ಸಾಕು. ಬಂದ್ ಆಗಲಾರದ ಪಂಪು ನನಗ ಬ್ಯಾಡ. ನಾಳೆ ಮುಂಜಾನೆ ಜುನ್ಯಾ ಬಜಾರದವನನ್ನ ಕರೀರಿ. ಈಗ ನಾನ ನಿಲ್ಲಿಸ್ತೀನಿ. ನನ್ನ ದೇವರ ಎದುರಿಗೆ ನನಗೇನಾಗ್ತದ ನೋಡತೀನಿ." ಸೀರೆಯಿಂದ ನೀರು ತೊಟ್ಟಿಕ್ಕಿಸುತ್ತ ಅವರು ಓಣಿಯ ಕಡೆ ನಡೆದರು.

ನರ್ಮದಾಬಾಯಿ ಅದನ್ನು ನೋಡುತ್ತ ನಿಲ್ಲಲಿಲ್ಲ. ಸದ್ದಿಲ್ಲದೆ ಗಚ್ಚಿನ ಮೆಟ್ಟಿಲು ಹತ್ತಿದರು. ತೇಲುವುದೋ ಮುಳುಗುವುದೋ, ಕೊಡ ಎಂದರೆ ಕೊಡ. ನೀರಿನಿಂದ ಕೊಡ ಎತ್ತುವುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕಾಕೂ ದೇವರಮನೆಯ ಮುಂದೆ ಹಾದು ಸ್ವಿಚ್ಚಿನ ಹತ್ತಿರ ಬಂದರು. ಕೈ ಚಾಚಿದರು. ಕಟ್ಟೆಯ ಮೇಲೆ ಕೂತ ರಾಯರು ಅದನ್ನು ಕಂಡರು. ಮೌನ ಮುರಿದರೆ ಜಪವೆಲ್ಲ ಹೋಯಿತು, ವಾಡೆಯ ಎದುರಿನಲ್ಲಿ ಮಾನವೂ ಹೋಯಿತು. ಆದರೂ ಅವರು ಜಿಗಿದು ನಿಂತು, ಬೀದಿಗೆ ಕೇಳುವಂತೆ ಕೂಗಿದರು:

"ಕಾಕೂ! ಮುಟ್ಟಬ್ಯಾಡ್ರಿ! ಪಂಪು ಹೋದ್ರ ಹೋಗ್ಲಿ, ನೀವು ಬೇಕ್ರಿ!"

ಕಾಕೂ ಬೆಚ್ಚಿ ತಿರುಗಿದರು. ಅದೇ ಹೊತ್ತಿಗೆ ಟಕ್ ಎಂದು ಹಿಡಿಕೆ ಬಿತ್ತು. ಪಂಪು ನಿಂತಿತು.

ಮೊದಲು ಸಾವರಿಸಿಕೊಂಡವರು ಕಾಕೂ. "ನೋಡಿದ್ರಿ? ನಾ ಕೈ ಮಾಡಿದೆ, ಹೆದರಿ ನಿಂತಿತು."

"ನನ್ನ ದನಿಗೆ ನಿಂತದ್ದು," ಎಂದರು ರಾಯರು. "ದನಿ ಅಂದ್ರ ಹವಾದ ಕಂಪನ. ಅದನ್ನೆಲ್ಲಾ ವಿಚಾರ ಮಾಡೇ..."

"ಇಬ್ಬರೂ ಸ್ವಲ್ಪ ಮ್ಯಾಲ ನೋಡ್ರಿ," ಎಂದ ಪಂಢರಿನಾಥ.

ಗಚ್ಚಿನ ಅಂಚಿನಲ್ಲಿ ನರ್ಮದಾಬಾಯಿ ನಿಂತಿದ್ದರು, ನೀರೊಳಗಿನಿಂದ ಎತ್ತಿದ ತಾಮ್ರದ ಕೊಡ ಸೊಂಟದ ಮೇಲೆ. ಬಾವಿಯಿಂದ ಮನೆಗೆ ಹೊರಟ ಹಾಗೆ.

"ಅದಕ್ಕ ಹೊಟ್ಟಿ ತುಂಬೇದ ಅಂತ ತಿಳಿಸಿದೆ, ಸುಮ್ಮನಾತು," ಎಂದು ಅವರು ಮೇಲಿನಿಂದಲೇ ಹೇಳಿದರು. "ಮನ್ಯಾಗ ಹಂಗ ಮಾಡ್ತೀನಿ, ಇಲ್ಲೂ ನಡೀತು. ಲಗೂನ ಖಾಲಿ ಮಾಡ್ರಿ, ಮರಳು ತುಂಬೇದ, ಭಾರ ಅದ."

ಟಾಕಿ ಬರಿದಾಯಿತು. ಕಾಕೂ ತಾವೇ ಮೇಲೆ ಹತ್ತಿ ಬಗ್ಗಿ ತಳ ನೋಡಿದರು, ಒಳಗೆ ಕೈ ಆಡಿಸಿ ನೋಡಿದರು, ಸಮಾಧಾನವಾದ ಮೇಲೆ ನಳಗಳನ್ನು ಮುಚ್ಚಿಸಿದರು. ನರ್ಮದಾಬಾಯಿ ಕೊಡವನ್ನು ಬರಿದಾದ ಟಾಕಿಯೊಳಗೆ ಬಿಟ್ಟರು. ಕೆಳಗೆ ಹಿಡಿಕೆ ಎದ್ದಿತು, ಹೊಸ ನೀರು ಬೀಳುವ ಸದ್ದು ಬಂತು.

"ನಾಳೆ ಜುನ್ಯಾ ಬಜಾರದವನನ್ನ ಕರೀಲ್ಯಾ ಕಾಕೂ?" ಎಂದು ಪಂಢರಿನಾಥ ಕೆಣಕಿದ.

"ಯಾಕೋ? ಗ್ರಹಣ ಬಂದಾಗ ನರ್ಮದಾನ ಕಡೆ ಕೊಡ ಎತ್ತಿಸಿದ್ರಾತು. ಪಂಪೂ ಇರ್ಲಿ," ಎಂದ ಕಾಕೂ, ಮೆಟ್ಟಿಲಿಳಿಯುತ್ತ ರಾಯರ ಕಡೆ ತಿರುಗಿ ದನಿ ತಗ್ಗಿಸಿದರು, "ಈ ಮನಷ್ಯಾನೂ ಇರ್ಲಿ. ಜಪಾ ಬಿಟ್ಟು ಕೂಗಿದಾನ, ನನ್ನ ಸಲುವಾಗಿ."

ರಾಯರು ಗೋಡೆಯ ಮೇಲಿನ ದಾರವನ್ನು ಬೆರಳಿನಿಂದ ಒಮ್ಮೆ ಮುಟ್ಟಿ ನೋಡಿದರು, ಕೆಳಗಿಳಿದು ಬಂದ ಹೆಂಡತಿಯ ಅಂಗೈಯನ್ನೂ ನೋಡಿದರು. ಅದರ ಮೇಲೆ ಕೊಡದ ಕೊರಳು ಒತ್ತಿದ ಕೆಂಪು ಗೆರೆ ಕೂಡ ಮೂಡಿರಲಿಲ್ಲ.

"ಜಪಾ ಮತ್ತ ಮೊದಲಿಂದ ಮಾಡಬೇಕಲ್ಲ," ಎಂದರು ನರ್ಮದಾಬಾಯಿ. "ಅದು ಮುಗಿಯೂದ್ರಾಗ ಅಡಗಿ ಆಗ್ತದ. ಕೂಡ್ರಿ."

ರಾಯರು ಕಟ್ಟೆಯ ಮೇಲೆ ಮತ್ತೆ ಕೂತು, ಕಣ್ಣು ಮುಚ್ಚಿ, ಮೊದಲಿನಿಂದ ಹಿಡಿದರು. ಹೆಂಗಸರು ಒಲೆ ಹಚ್ಚಲು ಹೋದರು, ಪಂಢರಿನಾಥ ತಲೆ ಒಣಗಿಸಿಕೊಳ್ಳಲು ಹೋದ. ಅಂಗಳದಲ್ಲಿ ಬೇರೆ ಯಾರೂ ಉಳಿಯಲಿಲ್ಲ. ಟಾಕಿ ತುಂಬಿತು, ಹಿಡಿಕೆ ಬಿತ್ತು, ಪಂಪು ನಿಂತಿತು. ತೋರಿಸಲು ಯಾರೂ ಇರಲಿಲ್ಲ, ನೋಡಲು ಯಾರೂ ಇರಲಿಲ್ಲ. ಟಕ್ ಎಂದ ಸದ್ದಿಗೆ ರಾಯರ ಒಂದು ಕಣ್ಣು ಅರ್ಧ ತೆರೆದದ್ದನ್ನು ಮಾತ್ರ ಅಡಿಗೆಮನೆಯ ಕಿಟಕಿಯಿಂದ ನರ್ಮದಾಬಾಯಿ ಕಂಡರು. ಕಂಡು, ಬೇಳೆಯ ಕಡೆ ತಿರುಗಿದರು.